ಭಾವನ ಹಸಿರು ಪೆನ್ನು

ನಮ್ಮ ಭಾವನವರನ್ನು ನಾನು ಬಹಳ ದಿನ ಪೂರ್ತಿ ನಂಬಿರಲಿಲ್ಲ. ಅದಿರಿಗೆ ಬಂಗಾರದ ಬೆಲೆ ಬಂದ ಆ ವರ್ಷಗಳಲ್ಲಿ ಹೊಸಪೇಟೆಯ ಚಪ್ಪಲಿ ಅಂಗಡಿಯವರೂ ಲಾರಿ ಕೊಂಡಿದ್ದರು. ಅಂಥ ಊರಿನಲ್ಲಿ ಎಂ.ಎ. ಓದಿದವರೊಬ್ಬರು ಕಾಲೇಜು ಹುಡುಗರಿಗೆ ಇಂಗ್ಲಿಷ್ ಕಲಿಸಿಕೊಂಡು ಖುಷಿಯಾಗಿದ್ದಾರೆ ಎಂದರೆ ಅನುಮಾನ ಬರುವುದಿಲ್ಲವೇ?

ಅವರು ಉತ್ತರ ತಿದ್ದುವುದೂ ಹಸಿರು ಪೆನ್ನಿನಲ್ಲಿ. ಸಂಡೂರು ಕಡೆಯ ಹುಡುಗರ ಕಾಗದ ಗಣಿಯ ಧೂಳಿನಿಂದ ಮೊದಲೇ ಕೆಂಪಾಗಿರುತ್ತದಂತೆ, ಅದರ ಮೇಲೆ ಕೆಂಪು ಶಾಯಿ ಕಾಣುವುದಿಲ್ಲವಂತೆ!

ಹೀಗಿರುವಾಗ ಸಂಡೂರಿನ ಗಣಿ ಮಾಲೀಕರೊಬ್ಬರು, ಅದಿರು ಕೊಳ್ಳುವ ಚೀನಾದವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬನ್ನಿ, ಮೂರು ಪಟ್ಟು ಸಂಬಳ, ಮೇಲೊಂದು ಜೀಪು ಎಂದು ಕರೆದರು. ಭಾವ ಒಲ್ಲೆ ಎನ್ನಲಿಲ್ಲ, ಹ್ಞೂಂ ಎನ್ನಲಿಲ್ಲ, ಒಂದು ತಿಂಗಳು ಗಡುವು ಕೇಳಿದರು. ಅಕ್ಕ ಮಾತ್ರ ಜೀಪಿಗೆ ಜಾಗ ಮಾಡಲು ಅಂಗಳದ ತುಳಸಿ ಕುಂಡವನ್ನು ಮೂಲೆಗೆ ತಳ್ಳಿಸಿಬಿಟ್ಟಳು.

ಆದರೆ ಪ್ರತಿ ಭಾನುವಾರ ಭಾವ ಇಸ್ತ್ರಿ ಅಂಗಿ ತೊಟ್ಟು ಹೋಗುವರು, ಸಂಜೆಗೆ ಕೆಂಪು ಕಾಲರಿನೊಂದಿಗೆ ಬರುವರು. ಕದ್ದುಮುಚ್ಚಿ ಲಾರಿ ಕೊಂಡಿದ್ದಾರೆಂದು ಅಕ್ಕ ತೀರ್ಮಾನಿಸಿ, ನನ್ನನ್ನು ಅವರ ಬೆನ್ನಿಗೆ ಬಿಟ್ಟಳು.

ನಾನು ಗುರುತು ಸಿಗಬಾರದೆಂದು ಮುಖಕ್ಕೆ ಟವೆಲ್ ಸುತ್ತಿ, ಭಾವ ಹತ್ತಿದ ಮರಿಯಮ್ಮನಹಳ್ಳಿ ಬಸ್ಸನ್ನೇ ಹತ್ತಿದೆ. ನೋಡಿದರೆ ಧೂಳಿಗೆ ಹೆದರಿ ಇಡೀ ಬಸ್ಸೇ ಟವೆಲ್ ಸುತ್ತಿಕೊಂಡಿತ್ತು! ಬಸ್ಸಿಳಿದ ಮೇಲೆ ಹೆದ್ದಾರಿಯುದ್ದಕ್ಕೂ ಸಾಲಾಗಿ ನಿಂತ ಅದಿರಿನ ಲಾರಿಗಳಲ್ಲಿ ಒಂದಕ್ಕೆ ಭಾವ ಸಲೀಸಾಗಿ ಹತ್ತಿ ಕುಳಿತರು. ಸಿಕ್ಕಿಬಿದ್ದರಲ್ಲ ಎಂದು ಹಿಗ್ಗಿ ಕಿಟಕಿಗೆ ಕಿವಿಗೊಟ್ಟೆ.

ಒಳಗೆ ಡ್ರೈವರ್ ಸ್ಟೇರಿಂಗ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಇಂಗ್ಲಿಷ್ ಓದುತ್ತಿದ್ದ! ಸಾಲು ಕದಲಿದಾಗ ಲಾರಿ ಇಪ್ಪತ್ತು ಅಡಿ ಮುಂದೆ ಹೋಗುತ್ತಿತ್ತು, ನಿಂತಾಗ ಪಾಠ ಮುಂದೆ ಹೋಗುತ್ತಿತ್ತು. ಆತ ಭಾವನ ಹಳೆಯ ಶಿಷ್ಯ, ಕೊನೆಯ ವರ್ಷದ ಪರೀಕ್ಷೆ ಬಿಟ್ಟು ಲಾರಿ ಓಡಿಸಲು ಹೋದವನು.

ಭಾವ ನನ್ನನ್ನು ಕಂಡರು. "ನಿಮ್ಮಕ್ಕ ಕಳಿಸ್ಯಾಳಲ್ಲ? ಹತ್ತು ಒಳಗ."

ಗಣಿಯ ಕೆಲಸದ ಕಥೆ ಏನಾಯಿತೆಂದು ನೇರವಾಗಿಯೇ ಕೇಳಿಬಿಟ್ಟೆ.

"ಪತ್ರ ಬರಿಯಾಕ ಅವ್ರಿಗೆ ಯಾರಾದ್ರೂ ಸಿಗ್ತಾರ. ಇವ ಹೊಳ್ಳಿ ಪರೀಕ್ಷಿಗೆ ಕುಂತ್ರ ನಾನು ಕಾಲೇಜು ಬಿಡಂಗಿಲ್ಲ. ಕುಂದ್ರಲಿಲ್ಲಂದ್ರ ನಾ ಇಷ್ಟು ವರ್ಷ ಕಲಿಸಿದ್ದು ದಂಡ. ಜೀಪು ಹತ್ತಿಬಿಡ್ತೀನಿ."

ಒಂದು ತಿಂಗಳ ಗಡುವು ಇದಕ್ಕೇ! ನನಗೆ ನಾಚಿಕೆಯಾಯಿತು. ಯಾವ ಕೆಲಸವನ್ನೂ ನಾನು ಇಷ್ಟು ಹಚ್ಚಿಕೊಂಡಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಡ್ರೈವರ್ ನೋಟ್‌ಬುಕ್ ಮುಚ್ಚಿದ. ಕನ್ನಡಿಯ ಮೇಲಿದ್ದ ದೇವರ ಪಟದ ಹಿಂದಿನಿಂದ ಮಡಚಿದ ಕಾಗದ ತೆಗೆದುಕೊಟ್ಟ. ಪರೀಕ್ಷೆಯ ಅರ್ಜಿ! ಒಂದು ಕಾಲಮ್ಮೂ ಬಿಡದೆ ತುಂಬಿದ್ದ, ಎಲ್ಲವನ್ನೂ ಹಸಿರು ಶಾಯಿಯಲ್ಲಿ.

ಭಾವ ಅದನ್ನು ಎರಡು ಸಲ ಓದಿದರು. "ಲೇ, ಆಫೀಸಿನವ್ರು ಹಸಿರು ತಗಳಲ್ಲ. ನೀಲಿ ಪೆನ್ನಿನ್ಯಾಗ ಬರಿ" ಎಂದರು. ನನ್ನ ಜೇಬಿನ ನೀಲಿ ಪೆನ್ನನ್ನು ಅವರೇ ಕಿತ್ತುಕೊಂಡು ಅವನ ಕೈಗಿಟ್ಟರು.

ಸಂಜೆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ನಾನು ನೇರ ಅಂಗಳದ ಮೂಲೆಗೆ ಹೋಗಿ, ತುಳಸಿ ಕುಂಡವನ್ನು ಮೊದಲಿದ್ದ ಜಾಗಕ್ಕೆ ಎಳೆದು ತರತೊಡಗಿದೆ.