ಯಂತ್ರದೊಳಗಿನ ಬಾಡಿಗೆದಾರ

ಹೊನ್ನೇಕಟ್ಟೆ ಪಟ್ಟಣ ಪಂಚಾಯಿತಿಯ ಮನರಂಜನಾ ನಿಯಮಾವಳಿಯಂತೆ, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ವಾಸವಿದ್ದಲ್ಲಿ ಒಳಗಿನದನ್ನು ಬಾಡಿಗೆದಾರನೆಂದೂ ಹೊರಗಿನದನ್ನು ಮನೆ ಮಾಲೀಕನೆಂದೂ ಪರಿಗಣಿಸತಕ್ಕದ್ದು. ಈ ನಿಯಮ ಜಾರಿಗೆ ಬಂದದ್ದು ೨೦೦೩ರಲ್ಲಿ. ಅದಕ್ಕೂ ಮೊದಲು ನಮ್ಮೂರಿನಲ್ಲಿ ಇಂಥದ್ದೊಂದು ನಿಯಮದ ಕೊರತೆ ಯಾರನ್ನೂ ಕಾಡಿರಲಿಲ್ಲ.

ನಮ್ಮೂರಿನಲ್ಲಿ ತಿಪಟೂರಿಗೆ ಹೋಗುವ ಬಸ್ಸು ನಿಲ್ಲುವ ಜಾಗದ ಎದುರು ಮುನಾಫ್ ಅವರ ವಿಡಿಯೋ ಗೇಮ್ ಅಂಗಡಿ. ಇದ್ದದ್ದು ಒಂದು ಟೀವಿ, ಕ್ಯಾಸೆಟ್ ಸಿಕ್ಕಿಸುವ ಹಳೆಯ ಗೇಮ್ ಪೆಟ್ಟಿಗೆ ಒಂದು. ಆ ಪೆಟ್ಟಿಗೆಗೆ ಪಂಚಾಯಿತಿಯ ಲೈಸೆನ್ಸ್ ಇತ್ತು. ಅಂಗಡಿಯ ಖಾಯಂ ಗಿರಾಕಿ, ಹುಳಿಯಾರು ಕಡೆಯ ಹಟ್ಟಿಯ ಜುಂಜಮ್ಮ. ಸಂತೆಯ ದಿನ ಮಗ ಚಿತ್ತೇಶ ಕುರಿ ಮಾರಲು ಹೋದರೆ, ಆಕೆ ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಆಟಕ್ಕೆ ಕೂರುತ್ತಿದ್ದರು. ಶತ್ರು ಟ್ಯಾಂಕುಗಳು ಇಟ್ಟಿಗೆ ಗೋಡೆ ಒಡೆದು ಒಳಗೆ ನುಗ್ಗದಂತೆ ನೋಡಿಕೊಳ್ಳುವುದೇ ಆಟ.

“ಇದು ಕುರಿ ರೊಪ್ಪ ಕಾಯೋ ಕೆಲ್ಸಾನೇ ಕಣಪ್ಪ,” ಎನ್ನುತ್ತಿದ್ದರು. “ತೋಳದ ಬದ್ಲು ಬಂಡಿ ಬತ್ತವೆ, ಅಷ್ಟೇಯ.”

ಕೊನೆಯ ಸ್ಟೇಜಿನಾಚೆ ಏನಿದೆಯೆಂದು ನೋಡಬೇಕೆಂಬುದು ಅವರ ಆಸೆ. ಅಷ್ಟರಲ್ಲಿ ಒಂದು ದಿನ ವೋಲ್ಟೇಜ್ ಏರಿ ಪೆಟ್ಟಿಗೆ ಸುಟ್ಟುಹೋಯಿತು. ಜುಂಜಮ್ಮ ಬಂದು, ಸಾವಿನ ಮನೆಯಲ್ಲಿ ಕೂತಂತೆ ಒಂದು ಗಳಿಗೆ ಅದರ ಪಕ್ಕ ಕೂತು, ಟೀ ಕೂಡ ಕುಡಿಯದೆ ಎದ್ದುಹೋದರು.

ಮುನಾಫರಿಗೆ ಅದನ್ನು ನೋಡಲಾಗಲಿಲ್ಲ. ಬೆಂಗಳೂರಿಗೆ ಹೋಗಿ ಸೀಡಿ ಹಾಕಿ ಆಡುವ ಹೊಸ ಯಂತ್ರ ತಂದರು. ಅದರ ಆಟಗಳನ್ನು ನೋಡಿ ಜುಂಜಮ್ಮ, “ಇವ್ಯಾವೂ ನಮ್ಮವಲ್ಲ ಬುಡು,” ಅಂದರು. ಮುನಾಫ್ ಮತ್ತೆ ಹೋಗಿ ಇನ್ನೊಂದು ಸೀಡಿ ಹುಡುಕಿ ತಂದರು. ಅದನ್ನು ಹಾಕಿದ ಕೂಡಲೇ ಹೊಸ ಯಂತ್ರ ತನ್ನನ್ನು ಹಳೆಯದೆಂದೇ ನಂಬಿ, ಹಳೆಯ ಆಟವನ್ನು ಹಳೆಯ ಬಣ್ಣದಲ್ಲಿ, ಹಳೆಯ ಸದ್ದಿನಲ್ಲಿ ಆಡಿಸತೊಡಗಿತು.

ಲೈಸೆನ್ಸ್ ಇನ್ಸ್‌ಪೆಕ್ಟರ್ ಸದಾಶಿವಯ್ಯನವರು ಬಂದದ್ದು ಆಗ.

“ಮುನಾಫ್ ಸಾಬ್ರೇ, ನಿಮ್ಮ ಲೈಸೆನ್ಸ್ ಇರೋದು ಹಳೇ ಯಂತ್ರಕ್ಕೆ. ಇದು ಹೊಸದು.”

“ಹಳೇದು ಇದ್ರೊಳ್ಗೇ ಐತೆ ಸಾರ್.”

“ಎಲ್ಲಿ, ತೆಗೆದು ತೋರ್ಸಿ.”

“ತೆಗೆಯಕ್ಕಾಗಲ್ಲ ಸಾರ್. ಐತೆ, ಆದ್ರೆ ಇಲ್ಲ.”

ಸದಾಶಿವಯ್ಯನವರು ಸಿಟ್ಟಾಗಲಿಲ್ಲ. ಇದ್ದೂ ಇಲ್ಲದ ಬೋರ್‌ವೆಲ್‌ಗಳ ಆಳವನ್ನು ಅಳೆದು ಬಂದ ಅನುಭವಿ ಅವರು. ವಿಷಯವನ್ನು ಪಂಚಾಯಿತಿ ಸಭೆಗೆ ಒಯ್ದರು. ಮೇಲೆ ಹೇಳಿದ ನಿಯಮ ಸರ್ವಾನುಮತದಿಂದ ಪಾಸಾಯಿತು. ಬಾಡಿಗೆ ಕರಾರುಪತ್ರ ಕಡ್ಡಾಯವಾಯಿತು.

ಕರಾರಿಗೆ ಒಂದು ತೊಡಕಿತ್ತು. ಬಾಡಿಗೆದಾರ ಹುಟ್ಟಿ ಇನ್ನೂ ಹದಿನೆಂಟು ವರ್ಷವಾಗಿರಲಿಲ್ಲ. ಮಾಲೀಕನಂತೂ ಹಸುಗೂಸು. ಇಬ್ಬರಿಗೂ ಪಾಲಕರ ಸಹಿ ಬೇಕಿತ್ತು. ಮಾಲೀಕನ ಪರವಾಗಿ ಮುನಾಫ್ ಸಹಿ ಹಾಕಿದರು.

“ಒಳಗಿನವನಿಗೆ ಹತ್ತಿರದ ಸಂಬಂಧಿಕರು ಯಾರಿದಾರೆ?” ಎಂದು ಸದಾಶಿವಯ್ಯನವರು ಕೇಳಿದರು.

ಬೆಂಚಿನ ಮೇಲಿದ್ದ ಜುಂಜಮ್ಮ, “ಯಾರೂ ಇಲ್ಲಾಂದ್ರೆ ನಾನಿವ್ನಿ, ಬರ್ಕಳಿ ಸ್ವಾಮಿ,” ಎಂದು ಹೆಬ್ಬೆಟ್ಟು ಒತ್ತಿದರು. ಅವತ್ತು ಹಟ್ಟಿಗೆ ಹೋಗುವಾಗ ಅವರ ನಡಿಗೆಯೇ ಬೇರೆಯಾಗಿತ್ತು.

ಉಳಿದದ್ದು ಸ್ಥಳ ಪರಿಶೀಲನೆ. ಬಾಡಿಗೆದಾರ ಎಲ್ಲ ಕೋಣೆಗಳಲ್ಲೂ ವಾಸವಿರುವುದನ್ನು ಅಧಿಕಾರಿ ಕಣ್ಣಾರೆ ಕಾಣಬೇಕು. ಕೋಣೆ ಎಂದರೆ ಸ್ಟೇಜು ಎಂದು ಸಭೆ ವ್ಯಾಖ್ಯಾನಿಸಿತ್ತು. ಸದಾಶಿವಯ್ಯನವರು ರಿಮೋಟ್ ಹಿಡಿದು ಕೂತರು. ಮೂರನೇ ಕೋಣೆಯಲ್ಲಿ ಸತ್ತರು. ಮಾರನೆಯ ದಿನ ಬಂದು ಮತ್ತೆ ಸತ್ತರು. ಕಚೇರಿಯ ಹೊರಗಿನ ಕೆಲಸವಾದ್ದರಿಂದ ಪ್ರತಿ ಸಾವಿಗೂ ದಿನಭತ್ಯೆ ಇತ್ತು. ಎಳನೀರು ಮುನಾಫರ ಖರ್ಚು. ಭತ್ಯೆಯ ಸುದ್ದಿ ಹಬ್ಬಿ ಗುಮಾಸ್ತರೂ ಬಂದರು, ಗುಮಾಸ್ತರ ಹಿಂದೆ ಬೀರುಗಳು ಬಂದವು, ಬೀರುಗಳ ಹಿಂದೆ ಮುಖ್ಯಾಧಿಕಾರಿಗಳು ಬಂದರು. ಪರಿಶೀಲನೆ ಮುಗಿಯುವ ತನಕ ಸಾರ್ವಜನಿಕರು ಯಂತ್ರ ಮುಟ್ಟುವಂತಿರಲಿಲ್ಲ.

ಪಕ್ಕದಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಮುನಾಫರ ಹೆಂಡತಿ ಫಾತಿಮಾ ಬೀ ಗಂಡನನ್ನು ಕರೆದು, “ಏನ್ರೀ, ಇವ್ರು ಲೈಸೆನ್ಸ್ ಕೊಡಕ್ಕೆ ಬಂದವ್ರಾ, ಮನೆ ಅಳಿಯ ಆಗಕ್ಕೆ ಬಂದವ್ರಾ?” ಎಂದು ಕೇಳಿದರು. ಗಲ್ಲಾಪೆಟ್ಟಿಗೆಯಲ್ಲಿ ಜೇಡ ಬಲೆ ಕಟ್ಟಿತ್ತು.

ಜುಂಜಮ್ಮ ಸಂತೆ ಸಂತೆಗೂ ಬಂದು ಬೆಂಚಿನ ಮೇಲೆ ಕೂತು ನೋಡಿದರು. ಕೊನೆಗೊಂದು ದಿನ ತಡೆಯಲಾಗಲಿಲ್ಲ.

“ನಿಮ್ಗೆ ರೊಪ್ಪ ಕಾಯಕ್ಕೆ ಬರಾಕಿಲ್ಲ ಸ್ವಾಮಿ. ತೋಳದ ಹಿಂದೆ ನೀವೇ ಓಡ್ತೀರಿ, ರೊಪ್ಪ ಬಾಯಿ ತಕ್ಕಂಡು ನಿಂತಿರ್ತದೆ. ಇತ್ಲಾಗ್ ಕೊಡಿ.”

“ಅದಕ್ಕೆ ಅವಕಾಶ ಇಲ್ಲ ಕಣಮ್ಮ.”

“ಹುಡ್ಗನ ಪಾಲಕಿ ನಾನು. ಹೆಬ್ಬೆಟ್ಟು ಒತ್ತಿವ್ನಿ. ಅವ್ನ ಮನೆ ತೋರ್ಸಕ್ಕೆ ನಾನ್ ಬ್ಯಾಡ್ವಾ?”

ಮುಖ್ಯಾಧಿಕಾರಿಗಳು ಬೀರುವಿನ ಹಿಂದಿನಿಂದ ಇಣುಕಿ, ಪಾಲಕರು ಅಧಿಕಾರಿಯ ಜೊತೆಯಲ್ಲಿ ಮನೆಯೊಳಗೆ ಸಂಚರಿಸಬಹುದೆಂದು ಅಭಿಪ್ರಾಯಪಟ್ಟರು. ರಿಮೋಟ್ ಕೈ ಬದಲಾಯಿತು.

ಸಂತೆಗೆ ಬಂದ ಜನ ಬಾಗಿಲಲ್ಲಿ ಗುಂಪುಗೂಡಿದರು. ಚಿತ್ತೇಶ ಮಾರದ ಟಗರೊಂದನ್ನು ಹಿಡಿದುಕೊಂಡೇ ಬಂದು ನಿಂತ. ಕೋಣೆಗಳು ಒಂದೊಂದಾಗಿ ಮುಗಿಯುತ್ತಿದ್ದಂತೆ ಗುಮಾಸ್ತರ ಮುಖ ಸಣ್ಣದಾಗತೊಡಗಿತು.

ಸದಾಶಿವಯ್ಯನವರು ಬಗ್ಗಿ, “ಜುಂಜಮ್ಮ, ನಿಧಾನ. ಎಲ್ಲಾ ಒಂದೇ ದಿನಕ್ಕೆ ಯಾಕೆ? ಒಂಚೂರು ಸೋತು ಕೊಡಿ,” ಎಂದು ಪಿಸುಗುಟ್ಟಿದರು.

“ರೊಪ್ಪದ ಬಾಗ್ಲಲ್ಲಿ ನಿಂತ್ಕಂಡು ಸೋಲು ಅಂತೀರಲ್ಲ ಸ್ವಾಮಿ,” ಅಂದರು ಜುಂಜಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಕೊನೆಯ ಟ್ಯಾಂಕು ಸಿಡಿಯಿತು. ಪರದೆ ಕಪ್ಪಾಯಿತು. ಆಮೇಲೆ ಮೊದಲನೇ ಸ್ಟೇಜು ಮತ್ತೆ ಬಂತು.

“ಏನಪ್ಪಾ ಇದು? ಮತ್ತೆ ಮೊದ್ಲಿಂದ್ಲಾ?”

“ಅಷ್ಟೇ ಜುಂಜಮ್ಮ,” ಅಂದರು ಮುನಾಫ್, ತಾವೇ ಮೋಸ ಮಾಡಿದವರಂತೆ ತಲೆ ತಗ್ಗಿಸಿ.

ಜುಂಜಮ್ಮ ಸಿಕ್ಕಿಸಿದ್ದ ಸೆರಗು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ನಕ್ಕರು. “ಆಯ್ತು ಬುಡು. ರೊಪ್ಪ ಒಂದಿನ ಕಾದ್ರೆ ಮುಗ್ದೋಗಕ್ಕೆ ಅದೇನು ಮದ್ವೆ ಮನೆಯಾ?”

ಅವರಿಗಿಂತ ಹೆಚ್ಚು ಖುಷಿಯಾದದ್ದು ಸದಾಶಿವಯ್ಯನವರಿಗೆ. ಅಂದೇ ಆದೇಶ ಹೊರಟಿತು: ಬಾಡಿಗೆದಾರನು ಮನೆ ಖಾಲಿ ಮಾಡಿ ಮೊದಲ ಕೋಣೆಗೆ ಹೊಸದಾಗಿ ಸೇರಿಕೊಂಡಿರುವುದು ಕಂಡುಬಂದಿರುವುದರಿಂದ, ಪರಿಶೀಲನೆಯನ್ನು ಹೊಸದಾಗಿ ಆರಂಭಿಸತಕ್ಕದ್ದು. ಸಾರ್ವಜನಿಕರು ಎಂದಿನ ಶುಲ್ಕ ಕೊಟ್ಟು ‘ಪರಿಶೀಲನಾ ಸಹಾಯಕ’ರಾಗಿ ಆಡಬಹುದು. ಆ ಶುಲ್ಕದಲ್ಲಿ ಅರ್ಧ ಮುನಾಫರಿಗೆ, ಅರ್ಧ ಎಳನೀರಿಗೆ.

ಪಂಚಾಯಿತಿ ಕಚೇರಿ ಈಗ ಅಂಗಡಿಯಲ್ಲೇ ಇದೆ. ಹಳೆಯ ಕಟ್ಟಡದಲ್ಲಿ ಯಾರೋ ಕೊಬ್ಬರಿ ಒಣಗಿಸುತ್ತಾರೆ. ಜನನ ಪತ್ರ, ಖಾತೆ ಬದಲಾವಣೆ ಎಲ್ಲಕ್ಕೂ ಜನ ಇಲ್ಲಿಗೇ ಬಂದು, ತಮ್ಮ ಸರದಿ ಬರುವ ತನಕ ಆಡಿ ಹೋಗುತ್ತಾರೆ. ಮೊದಲಿಗಿಂತ ಕೆಲಸ ಬೇಗ ಆಗುತ್ತಿದೆಯೆಂದೇ ಊರಿನವರ ಅಭಿಪ್ರಾಯ. ಸಂತೆಯ ದಿನ ಮಾತ್ರ ಕಚೇರಿ ಕೆಲಸಕ್ಕೆ ಯಾರೂ ಬರುವುದಿಲ್ಲ. ಬಾಗಿಲಿಗೆ ಪ್ರಕಟಣೆ ಅಂಟಿಸಿದೆ: “ಈ ದಿನ ಪಾಲಕರು ಕರ್ತವ್ಯದಲ್ಲಿರುತ್ತಾರೆ. ಕಚೇರಿ ಸಿಬ್ಬಂದಿ ಮಾತನಾಡತಕ್ಕದ್ದಲ್ಲ.”