ಬಾನೆಟ್ಟಿನ ಮೇಲೊಂದು ಬೊಟ್ಟು

ನಾನು ನೂರ ಹನ್ನೆರಡು ಕಾರುಗಳ ಒಡೆಯ ಎಂದರೆ ಯಲಹಂಕದಲ್ಲಿ ಯಾರೂ ನಂಬುವುದಿಲ್ಲ. ಅವರೆಲ್ಲ ನನ್ನನ್ನು ದಿನವೂ ನೋಡುವುದು ಬಸ್‌ಸ್ಟಾಪಿನಲ್ಲಿ, ಊಟದ ಡಬ್ಬಿ ಹಿಡಿದು ಯಶವಂತಪುರದ ಬಸ್ಸಿಗೆ ಕಾಯುವಾಗ. ಆದರೂ ಮಾತು ನಿಜ. ಎಲ್ಲವೂ ಹಳೇ ಕಾಲದ ಘನಂದಾರಿ ಕಾರುಗಳು: ಮೂತಿ ಮಾರುದ್ದ, ದೀಪಗಳು ಚೆಂಬಿನ ಗಾತ್ರ, ಪಕ್ಕದಲ್ಲೊಂದು ಹೆಚ್ಚುವರಿ ಚಕ್ರ. ಒಂದಕ್ಕೂ ಪೆಟ್ರೋಲು ಬೇಡ, ಇನ್ಶೂರೆನ್ಸ್ ಬೇಡ. ಯಾಕೆಂದರೆ ಅವೆಲ್ಲ ಇರುವುದು ಅಂಚೆಚೀಟಿಗಳ ಮೇಲೆ. ಭೂತಗನ್ನಡಿ ಹಿಡಿದರೂ ಭೂಪಟದಲ್ಲಿ ಸಿಗದ ದ್ವೀಪಗಳೆಲ್ಲ ನನ್ನಂಥವರ ಚಪಲವನ್ನು ನಂಬಿಕೊಂಡು ಇಂಥ ಚೀಟಿಗಳನ್ನು ಅಚ್ಚು ಹಾಕಿಸುತ್ತವೆ. ಅಲ್ಲಿ ಇಷ್ಟುದ್ದದ ಕಾರನ್ನು ತಿರುಗಿಸಲು ಜಾಗವಿದೆಯೋ ಇಲ್ಲವೋ ಎಂದು ನನ್ನ ಹೆಂಡತಿ ನಾಗರತ್ನ ಕೇಳುತ್ತಾಳೆ. ಹೆಬ್ಬಾಳದ ಫ್ಲೈಓವರ್ ಮೇಲೆ ಸಂಜೆ ಆರು ಗಂಟೆಗೆ ನಿಂತ ಯಾರೂ ಇನ್ನೊಂದು ದೇಶದ ರಸ್ತೆಯ ಬಗ್ಗೆ ಮಾತಾಡಬಾರದು ಎಂದು ನಾನು ಉತ್ತರಿಸುತ್ತೇನೆ.

ನಿಜವಾದ ಕಾರು ಕೊಳ್ಳುವ ಪ್ರಯತ್ನವೂ ಒಮ್ಮೆ ಆಗಿತ್ತು. ಅದಕ್ಕೆ ಮೊದಲು ಓಡಿಸಲು ಕಲಿಯೋಣವೆಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಹನ್ನೊಂದನೇ ದಿನ ಕೋಗಿಲು ಕ್ರಾಸಿನ ಹತ್ತಿರ ರಿವರ್ಸ್ ತೆಗೆಯುವಾಗ ಒಂದು ಎಳನೀರಿನ ರಾಶಿ ನನ್ನ ದಾರಿಗೆ ಅಡ್ಡ ಬಂತು. ಕಲಿಸುವವರು ಏನೂ ಬೈಯಲಿಲ್ಲ. ಕೆಳಗಿಳಿದು ಉರುಳಿದ ಕಾಯಿಗಳನ್ನು ಜೋಡಿಸಿಕೊಟ್ಟು, "ಸಾರ್, ನಿಮಗೆ ಬೇರೆ ಹವ್ಯಾಸ ಏನಾದ್ರೂ ಇದ್ಯಾ?" ಎಂದರು. ಇತ್ತು. ಅಂದಿನಿಂದ ಪೂರ್ತಿಯಾಗಿ ಅದನ್ನೇ ನೆಚ್ಚಿಕೊಂಡೆ.

ಸಂಗ್ರಹಕಾರರ ಜಾತಿಯೇ ಬೇರೆ. ನೂರು ಇದ್ದರೂ ಅವರಿಗೆ ಇಲ್ಲದ ಒಂದರದ್ದೇ ಚಿಂತೆ. ನನ್ನನ್ನು ಹಾಗೆ ಆರು ವರ್ಷಗಳಿಂದ ನಿದ್ದೆಗೆಡಿಸಿದ್ದು ಐದು ಚೀಟಿಗಳ ಒಂದು ಸೆಟ್ಟು. ನಾಲ್ಕು ನನ್ನಲ್ಲಿದ್ದವು, ಐದನೆಯ ಕೆಂಪು ಕಾರು ಇರಲಿಲ್ಲ. ಅದು ಕಡೆಗೂ ಸಿಕ್ಕಿದ್ದು ಆರ್.ಟಿ. ನಗರದ ಅನ್ವರ್ ಸಾಹೇಬರಲ್ಲಿ. ಅವರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಈಗ ಅಂಗಡಿಯನ್ನು ಮಗನಿಗೆ ಬಿಟ್ಟು, ಅದೇ ಕಣ್ಣಿನ ಮಸೂರದಲ್ಲಿ ಅಂಚೆಚೀಟಿ ನೋಡುವವರು. ನನ್ನಲ್ಲಿ ಎರಡೆರಡಿದ್ದ ಒಂದು ನೀಲಿ ಕಾರು ಅವರಿಗೆ ಬೇಕಿತ್ತು. ವಿಜಯದಶಮಿಯ ದಿನ ಮನೆಗೆ ಬಂದು ಅದಲುಬದಲು ಮಾಡಿಕೊಳ್ಳುವುದೆಂದು ಮಾತಾಯಿತು. ಅವರ ಷರತ್ತು ಒಂದೇ: "ಕಲೆ ಗಿಲೆ ಇರ್ಬಾರ್ದು ಸಾರ್. ಹಿಂದ್ಗಡೆ ಗೋಂದೂ ಹಂಗೇ ಇರ್ಬೇಕು." ಇದನ್ನು ನನಗೆ ಹೇಳಬೇಕೆ? ನಾನು ಚೀಟಿಗಳನ್ನು ಬೆರಳಲ್ಲಿ ಮುಟ್ಟಿದವನೇ ಅಲ್ಲ, ಎಲ್ಲಕ್ಕೂ ಚಿಮುಟವೇ. ಮದುವೆಯಾದ ಹೊಸದರಲ್ಲಿ ತನ್ನನ್ನೂ ಇಷ್ಟು ನಾಜೂಕಾಗಿ ನೋಡಿಕೊಂಡಿರಲಿಲ್ಲವೆಂಬುದು ನಾಗರತ್ನಳ ಹಳೆಯ ದೂರು.

ಅದರ ಹಿಂದಿನ ದಿನ ಆಯುಧಪೂಜೆ. ಅಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಡೆಯಲು ಜಾಗವಿರುವುದಿಲ್ಲ. ತಿಂಗಳುಗಟ್ಟಲೆ ಧೂಳು ಹೊತ್ತು ನಿಂತ ಕಾರುಗಳಿಗೆಲ್ಲ ಅಭ್ಯಂಜನ, ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ವರ್ಷವೆಲ್ಲ ಸಿಗ್ನಲ್ ಹಾರುವವರು ಅಂದು ತಮ್ಮ ಕಾರಿಗೇ ಕೈಮುಗಿದು ಕಾಪಾಡು ಎನ್ನುವುದನ್ನು ನಾನು ಗೇಟಿನ ಬಳಿ ನಿಂತು ಲೇವಡಿ ಮಾಡುತ್ತಿರುತ್ತೇನೆ. ನಾಗರತ್ನಳಿಗೆ ಮಾತ್ರ ಅದು ಸಂಕಟದ ದಿನ. ಅಕ್ಕಪಕ್ಕದವರು ಪುರಿ, ಬೂಂದಿ ತಂದುಕೊಟ್ಟು, "ನಿಮ್ಮದು ಯಾವ ಗಾಡಿಗೆ ಪೂಜೆ ಆಂಟಿ?" ಎಂದು ಕೇಳುತ್ತಾರೆ. ಹೋದ ವರ್ಷ ಅವಳು ಮಿಕ್ಸಿಗೆ ಹಾರ ಹಾಕಿ ಮಾನ ಉಳಿಸಿಕೊಂಡಿದ್ದಳು. ಈ ಸಲ ಹಿಂದಿನ ದಿನವೇ ಪೀಠಿಕೆ ಹಾಕಿದಳು.

"ರೀ, ನಿಮ್ಮ ಆಲ್ಬಮ್ಮಲ್ಲೂ ಕಾರುಗಳೇ ತಾನೇ ಇರೋದು? ಅದನ್ನೇ ಪೂಜೆಗಿಡ್ತೀನಿ."

ಆರು ವರ್ಷಗಳಲ್ಲಿ ಅವಳು ಅವುಗಳನ್ನು ಕಾರು ಎಂದು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ಅವು 'ಆ ಚೀಟಿ'ಗಳಾಗಿದ್ದವು. ನನ್ನ ನಾಸ್ತಿಕತೆ ಹೊಗಳಿಕೆಗೆ ಬೇಗ ಕರಗುವ ಜಾತಿಯದು. ಒಪ್ಪಿಕೊಂಡೆ. ಕುಂಕುಮವೇನಿದ್ದರೂ ರಟ್ಟಿನ ಮೇಲೆ ಮಾತ್ರ ಎಂದು ಹೇಳಿ, ಮಾರನೆಯ ಬೆಳಿಗ್ಗೆ ಬೂದುಗುಂಬಳ ತರಲು ಹೊರಟೆ. ನೂರ ಹನ್ನೆರಡು ಕಾರಿಗೆ ಒಂದು ಬೂದುಗುಂಬಳವಾದರೂ ಒಡೆಯಬೇಡವೇ?

ಕಾಯಿ ಹೊತ್ತು ತಂದಾಗ ಅವಳು ದೇವರ ಮನೆಯ ಮುಂದೆ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಪುಟದಲ್ಲಿದ್ದಳು. ಒಂದು ಕೈಯಲ್ಲಿ ಕುಂಕುಮ ಕಲಸಿದ ಬಟ್ಟಲು, ಇನ್ನೊಂದರಲ್ಲಿ ಬೆಂಕಿಕಡ್ಡಿ. ಪ್ರತಿ ಕಾರಿನ ಬಾನೆಟ್ಟಿನ ಮೇಲೂ, ಸಾಸಿವೆಗಿಂತ ಸಣ್ಣದಾಗಿ, ಕೆಂಪಗೆ, ದುಂಡಗೆ ಒಂದೊಂದು ಬೊಟ್ಟು.

ಬೂದುಗುಂಬಳವನ್ನು ಅಲ್ಲೇ ಕೆಳಗಿಟ್ಟೆ. "ರಟ್ಟಿನ ಮೇಲೆ ಅಂದಿದ್ನಲ್ಲೇ" ಎಂದೆ.

"ರಟ್ಟಿನ ಮೇಲೆ ಇಟ್ರೆ ಗ್ಯಾರೇಜಿಗೆ ಪೂಜೆ ಮಾಡ್ದಂಗೆ ಆಗುತ್ತೆ. ಕಾರಿಗೆ ಬೇಡ್ವಾ? ಒಂದೂ ಬಿಟ್ಟಿಲ್ಲ ನೋಡಿ. ಎರಡು ಗಂಟೆ ಹಿಡೀತು, ಸೊಂಟ ಬಿದ್ದೋಯ್ತು."

ಅವಳ ಮುಖದಲ್ಲಿ ಎಂಥ ತೃಪ್ತಿಯಿತ್ತೆಂದರೆ ರೇಗಲು ಆಗಲಿಲ್ಲ. ರೇಗದೆ ಇರಲೂ ಆಗಲಿಲ್ಲ. ಕಡೆಗೆ ಬೂದುಗುಂಬಳವನ್ನು ಗೇಟಿನ ಮುಂದೆ ಅಗತ್ಯಕ್ಕಿಂತ ಜೋರಾಗಿ ಒಡೆದು ಬಂದೆ. ಆಮೇಲೆ ಸಾಹೇಬರಿಗೆ ಕೊಡಬೇಕಾದ ನೀಲಿ ಕಾರನ್ನು ಹೊರತೆಗೆದು ಒದ್ದೆ ಹತ್ತಿಯಿಂದ ಒರೆಸಿದೆ. ಬೊಟ್ಟು ಹೋಗಲಿಲ್ಲ, ಹರಡಿತು. ಇನ್ನಷ್ಟು ಒರೆಸಿದೆ. ಹಿಂದಿನ ಗೋಂದು ಕರಗಿ ಚೀಟಿ ಮೇಜಿಗೆ ಅಂಟಿಕೊಂಡಿತು. ಎಬ್ಬಿಸಿದಾಗ ಕಾರು ಏರ್‌ಪೋರ್ಟ್ ರಸ್ತೆಯ ಲಾರಿಯೊಂದಕ್ಕೆ ಗುದ್ದಿದ ಹಾಗಿತ್ತು. ಐದನೆಯದು ಇನ್ನು ಈ ಜನ್ಮದಲ್ಲಿಲ್ಲ ಎಂದುಕೊಂಡಾಗ ನನಗೆ ನಿಜವಾಗಿಯೂ ಅಳು ಬಂತು. ಐವತ್ತಾರನೇ ವಯಸ್ಸಿನಲ್ಲಿ ಕಾಗದದ ಕಾರಿಗೆ ಅಳುವುದು ಹೇಳಿಕೊಳ್ಳುವ ಸಂಗತಿಯಲ್ಲ, ಆದರೂ ಹೇಳಿದ್ದೇನೆ.

ಮಾರನೆಯ ದಿನ ಅನ್ವರ್ ಸಾಹೇಬರು ಹೇಳಿದ ಹೊತ್ತಿಗೆ ಬಂದರು. ಅಷ್ಟರಲ್ಲಿ ನನ್ನ ಬುದ್ಧಿ ಕೆಟ್ಟ ದಾರಿ ಹಿಡಿದಿತ್ತು. ಮುದ್ರಣದಲ್ಲಿ ತಪ್ಪಾದ ಚೀಟಿಗೆ ಸಂಗ್ರಹಕಾರರು ಪ್ರಾಣ ಬಿಡುತ್ತಾರಲ್ಲವೇ? ಆಲ್ಬಮ್ಮನ್ನು ಅವರ ಮುಂದಿಟ್ಟು ಗಂಭೀರವಾಗಿ, "ಕೆಂಪು ಶಾಯಿ ಸಿಡಿದಿದೆ ಸಾಹೇಬ್ರೆ. ಬಹಳ ಅಪರೂಪ" ಎಂದೆ.

ಅವರು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಪುಟ ತಿರುವಿದರು. "ಹದಿನೆಂಟು ದೇಶದ್ದು ಇದೆ ಸಾರ್ ಇಲ್ಲಿ," ಎಂದರು ಕೊನೆಗೆ. "ಎಲ್ಲಾ ದೇಶದಲ್ಲೂ ಶಾಯಿ ಬಾನೆಟ್ ಮೇಲೇನೇ ಸಿಡೀತಾ?"

ಕಾಫಿ ತಂದ ನಾಗರತ್ನ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಕಲೆಯಿರಬಾರದೆಂಬ ಷರತ್ತು ಅವಳಿಗೆ ತಿಳಿದದ್ದು ಆಗಲೇ. ಪಾಪ, ಅವಳ ಮುಖ ಸಣ್ಣದಾಯಿತು. ಸಾಹೇಬರು ಮಾತ್ರ ಮಸೂರ ತೆಗೆಯದೆಯೇ ಅವಳತ್ತ ತಿರುಗಿದರು.

"ಇದನ್ನೆಲ್ಲಾ ನೀವು ಇಟ್ಟಿದ್ದಾ ಅಮ್ಮಾ? ಬೆಂಕಿಕಡ್ಡೀಲಿ? ಒಂದು ಕಡೇನೂ ಕೈ ನಡುಗಿಲ್ಲ. ನನ್ನ ಹತ್ರ ಕೆಲ್ಸ ಕಲ್ತವರು ಯಾರಿಗೂ ಇಂಥಾ ಕೈ ಇರ್ಲಿಲ್ಲ." ನಾನು ಒರೆಸಿದ ನೀಲಿ ಕಾರನ್ನು ಚಿಮುಟದಲ್ಲಿ ಎತ್ತಿ ನೋಡಿ ಬದಿಗಿಟ್ಟರು. "ಇದು ಮುಗೀತು ಸಾರ್. ಹಂಗೇ ಬಿಟ್ಟಿದ್ರೆ ಇದನ್ನೇ ತಗೊಳ್ತಿದ್ದೆ. ಬೊಟ್ಟಿಟ್ಟ ಕಾರು ಬೆಂಗಳೂರಲ್ಲಿ ಇನ್ಯಾರ ಹತ್ರ ಇದೆ ಹೇಳಿ?"

ಹೀಗೆ ಹೇಳಿ, ನನಗೆ ಉಳಿದಿದ್ದ ಒಂದೇ ನೀಲಿಯನ್ನು ಕೇಳದೆ, ನನ್ನಲ್ಲಿ ಎರಡಿದ್ದ ಬೇರೊಂದು ಹಸಿರು ಕಾರನ್ನು ಬೊಟ್ಟಿನ ಸಮೇತ ಆರಿಸಿಕೊಂಡು, ತಮ್ಮ ಕೆಂಪು ಕಾರನ್ನು ನನಗೆ ಕೊಟ್ಟು, ಬೂಂದಿ ತಿಂದು ಹೊರಟರು.

ಆರು ವರ್ಷದ ಸೆಟ್ಟು ಪೂರ್ತಿಯಾಯಿತು. ಐದನ್ನೂ ಸಾಲಾಗಿ ಇಟ್ಟುಕೊಂಡು ಕೂತೆ. ಏನೋ ಸರಿಕಾಣಲಿಲ್ಲ. ನಾಲ್ಕರ ಹಣೆಯಲ್ಲಿ ಬೊಟ್ಟು, ಐದನೆಯದು ಬೋಳು. ಎಷ್ಟು ನೋಡಿದರೂ ಅದು ಬೇರೆ ಸೆಟ್ಟಿನಿಂದ ತಪ್ಪಿಸಿಕೊಂಡು ಬಂದ ಹಾಗೆಯೇ ಕಂಡಿತು. ನಾಗರತ್ನಳನ್ನು ಕರೆದೆ. "ನಾನಂತೂ ಮುಟ್ಟಲ್ಲಪ್ಪ, ಒಂದ್ಸಲ ಮುಟ್ಟಿದ್ದೇ ಸಾಕು" ಎಂದಳು. ನಾನೇ ಎದ್ದು ದೇವರ ಮನೆಯಿಂದ ಕುಂಕುಮದ ಬಟ್ಟಲೂ ಬೆಂಕಿಕಡ್ಡಿಯೂ ತಂದು, ಉಸಿರು ಬಿಗಿಹಿಡಿದು ಇಟ್ಟೆ. ಬೊಟ್ಟು ಬಾನೆಟ್ಟನ್ನು ದಾಟಿ, ಮುಂದಿನ ಗಾಜನ್ನು ಹಾದು, ಸ್ಟಿಯರಿಂಗ್ ಹಿಡಿದು ಕೂತಿದ್ದ ದೊರೆಯ ಮೂಗಿನ ಮೇಲೆ ಕಡಲೆಕಾಳಿನಷ್ಟು ದೊಡ್ಡದಾಗಿ ಬಿತ್ತು.

ನಾಗರತ್ನ ಬಗ್ಗಿ ನೋಡಿದಳು. "ಇರ್ಲಿ ಬಿಡಿ," ಎಂದಳು. "ಮುದ್ರಣದ ತಪ್ಪು ಅಂದ್ರೆ ಇದನ್ನ ಬೇಕಾದ್ರೆ ನಂಬ್ತಾರೆ."