ಬಾಡಿಗೆ ತೀರಿಸಿದ ವೀರಗಲ್ಲು

ಓದಿಗೆ ಮಾಡಿದ ಸಾಲದ ಕಂತು ತಪ್ಪಿದರೆ ಬ್ಯಾಂಕಿನ ಮ್ಯಾನೇಜರು ಊರಿಗೇ ಹೋಗಿ ಅಪ್ಪನೆದುರು ಕೂರುತ್ತಾರೆ. ಬಾಡಿಗೆ ತಪ್ಪಿದರೆ ಓನರು ಚಿಕ್ಕಮುನಿಯಪ್ಪ ಬರೀ ಬೈಯುತ್ತಾನೆ. ಹೀಗೆ ತೂಗಿ ನೋಡಿ, ಎಂ.ಎ. ಇತಿಹಾಸ ಮಾಡಿದ್ದ ಶರಣಬಸವ ಮೂರು ತಿಂಗಳಿಂದ ಬೈಸಿಕೊಳ್ಳುವುದನ್ನೇ ಆರಿಸಿಕೊಂಡಿದ್ದ. ಸೇಡಂ ಕಡೆಯ ಈ ಹುಡುಗನಿಗೆ ಗಾರ್ಮೆಂಟ್ಸ್ ಗೇಟಿನಲ್ಲಿ ಹಾಜರಿ ಬರೆಯುವ ಕೆಲಸ, ಗರುಡಾಚಾರ್‌ಪಾಳ್ಯದ ವಠಾರದಲ್ಲಿ ಕೊನೆಯ ರೂಮು. ಆದರೆ ಆ ಭಾನುವಾರ ಬೆಳಿಗ್ಗೆ ಬೈಗುಳದ ಧಾಟಿಯೇ ಬೇರೆಯಾಗಿತ್ತು.

“ಸಾಯಂಕಾಲದೊಳಗೆ ಮೂರು ತಿಂಗಳ್ದೂ ಇಡಿ ಸಾರ್, ಇಲ್ಲಾಂದ್ರೆ ಖಾಲಿ ಮಾಡಿ. ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅನ್ಬೇಡಿ, ನಂಗೆ ಆ ಲೆಕ್ಕ ಬರಲ್ಲ,” ಎಂದ ಚಿಕ್ಕಮುನಿಯಪ್ಪ. “ಅಲ್ಲಾ, ಎಂಎ ಅಂತೀರ. ಅಷ್ಟು ಓದಿ ಏನ್ ಸಂಪಾದ್ನೆ ಆಯ್ತು?”

ಈ ಲೆಕ್ಕವನ್ನು ಶರಣಬಸವನೂ ದಿನಾ ಹಾಕುತ್ತಿದ್ದ. ಓದಿಗೆ ಹಾಕಿದ್ದು ಮೂವತ್ತು ಸಾವಿರ, ಹುಟ್ಟಿದ್ದು ಸೊನ್ನೆ. ಬೆಂಗಳೂರಲ್ಲಿ ಇನ್ನೊಂದು ರೂಮು ಹುಡುಕಬೇಕೆಂದರೆ ಮತ್ತೆ ಹತ್ತು ತಿಂಗಳ ಅಡ್ವಾನ್ಸು ಎಲ್ಲಿಂದ ತರುವುದು?

ಅಷ್ಟರಲ್ಲಿ ಅಂಗಳದಿಂದ ಠಣ್ ಎಂಬ ಸದ್ದು ಬಂತು. ನೀರಿನ ಸಂಪಿಗೆ ಗುಂಡಿ ತೋಡುತ್ತಿದ್ದ ಖುರ್ಷೀದನ ಹಾರೆಗೆ ಕಲ್ಲು ಸಿಕ್ಕಿತ್ತು. ಎಲ್ಲರೂ ಸೇರಿ ಎತ್ತಿ ನಿಲ್ಲಿಸಿದರೆ, ಕಲ್ಲಿನ ಮೇಲೆ ಕತ್ತಿ ಹಿಡಿದ ಗಂಡಸು, ಕೆಳಗೆ ಸವೆದ ಎರಡು ಸಾಲು ಅಕ್ಷರ.

ಪಕ್ಕದ ರೂಮಿನ ಸುಭದ್ರಮ್ಮ ಶರಣಬಸವನ ಊರ ಕಡೆಯವಳೇ. ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ನಮ್ಮ ಶರಣಬಸು ಇದನ್ನೇ ಓದ್ಯಾನ್ರಿ! ಕಲ್ಲು, ರಾಜರು, ಎಲ್ಲಾ ಅವಂಗ ಬಾಯಿಪಾಠ. ಬಾರೋ ತಮ್ಮಾ, ಹೇಳು!”

ತಮ್ಮನಿಗೆ ಬೆವರು ಕಿತ್ತುಕೊಂಡಿತು. ನೋಟ್ಸು ಸುಲಭವಾಗಿ ಸಿಗುತ್ತವೆಂದು ಅವನು ಆರಿಸಿಕೊಂಡಿದ್ದು ಯುರೋಪಿನ ಇತಿಹಾಸ. ಫ್ರಾನ್ಸಿನ ಬಾಸ್ಟೀಲ್ ಸೆರೆಮನೆ ಒಡೆದ ದಿನ ಯಾವುದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದ. ಇದು ವೀರಗಲ್ಲು ಎಂಬುದೊಂದು ಗೊತ್ತು. ಅಕ್ಷರ ಮಾತ್ರ ಒಂದೂ ತಿಳಿಯದು.

“ಓದಿ ಸಾರ್,” ಎಂದ ಚಿಕ್ಕಮುನಿಯಪ್ಪ. “ಏನ್ ಬರ್ದವ್ರೆ ಅಂತ ಹೇಳ್ಬಿಟ್ರೆ ಬಾಡಿಗೆ ಮಾತೇ ಎತ್ತಲ್ಲ. ನಮ್ಮವ್ವನಾಣೆ.”

“ಜಲ್ದಿ ಓದು ಭಾಯ್, ತೋಡೋದಾ ಮುಚ್ಚೋದಾ ಹೇಳು. ನಂದು ಕೂಲಿ ಮಧ್ಯಾಹ್ನದವರೆಗೆ ಮಾತ್ರ,” ಎಂದ ಖುರ್ಷೀದ್.

ಶರಣಬಸವ ಕಲ್ಲಿಗೆ ನೀರು ಚಿಮುಕಿಸಿದ, ಬೆರಳಾಡಿಸಿದ, ಕಣ್ಣು ಕಿರಿದು ಮಾಡಿದ. ಕಡೆಗೆ ಬಾಯಿಗೆ ಬಂದದ್ದು ಎದುರಿಗಿದ್ದವನ ಹೆಸರೇ.

“ಮುನಿಯನಾಯಕ ಅಂತ ಅದ್ರಿ. ಊರ ದನ ಕಳ್ಳರು ಹೊಡ್ಕೊಂಡು ಹೊಂಟಿದ್ರಂತ. ಒಬ್ನೇ ಹೋಗಿ ಬಿಡಿಸ್ಕೊಂಡು ಬಂದು ಜೀವ ಬಿಟ್ಟಾನ್ರಿ.”

“ನಮ್ ವಂಶದೋನೇ!” ಎಂದು ಚಿಕ್ಕಮುನಿಯಪ್ಪ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರು ಕಂಡು ಶರಣಬಸವನಿಗೆ ನಿಜಕ್ಕೂ ನಾಚಿಕೆಯಾಯಿತು. ಜೊತೆಗೆ ಬಾಡಿಗೆಯೂ ನೆನಪಾಯಿತು.

ಸುದ್ದಿ ಬೀದಿಗೆ ಹಬ್ಬಿತು. ಓನರನ ತಾಯಿ ಮುನಿಶಾಮಮ್ಮನನ್ನು ಕುರ್ಚಿಸಮೇತ ಹೊತ್ತು ತಂದರು. ಮುದುಕಿ ಕಲ್ಲನ್ನು ತಡವಿ ತಡವಿ ಅತ್ತಳು.

“ನಮ್ಮಯ್ಯ ಬಿದ್ದಿದ್ದು ಎಲ್ಲಪ್ಪಾ? ಅದನ್ನೂ ಬರ್ದವ್ರಾ?”

ಶರಣಬಸವನ ತಲೆಯಲ್ಲಿ ಮಿಂಚು ಹೊಳೆಯಿತು. ಮೂರು ತಿಂಗಳ ಬಾಡಿಗೆ ಉಳಿಯಿತು ಸರಿ, ಮುಂದಿನ ತಿಂಗಳು? ವೀರ ಬಿದ್ದ ಜಾಗದಲ್ಲಿ ವಾಸವಿದ್ದವನನ್ನು ಯಾವ ಓನರು ತಾನೇ ಎಬ್ಬಿಸಿಯಾನು?

“ಬರ್ದಾರ ಅಜ್ಜಿ. ಮೂರು ಹೆಜ್ಜೆ ಪೂರ್ವಕ್ಕ. ಅಂದ್ರ ಕರೆಕ್ಟಾಗಿ... ನನ್ನ ರೂಮು ಇರೋ ಜಾಗ.”

ಎಲ್ಲ ತಲೆಗಳೂ ಕೊನೆಯ ರೂಮಿನತ್ತ ತಿರುಗಿದವು. ಸುಭದ್ರಮ್ಮ ಹೊಸ್ತಿಲಿಗೆ ಅರಿಸಿನ ಬಳಿದಳು. ಯಾರೋ ತೆಂಗಿನಕಾಯಿ ಒಡೆದರು. ಚಿಕ್ಕಮುನಿಯಪ್ಪ ಎಲ್ಲರೆದುರೇ “ಸಾರ್ ಬಾಡಿಗೆ ಪೂರ್ತಿ ಮನ್ನಾ” ಎಂದು ಸಾರಿದ. ಎಂ.ಎ. ಪಾಸಾದಾಗಲೂ ಇಷ್ಟು ಹಗುರವಾಗಿರದಿದ್ದ ಶರಣಬಸವ ಎರಡು ಬಾಳೆಹಣ್ಣು ತಿಂದ.

“ಲೇ ಚಿಕ್ಕಾ,” ಎಂದಳು ಮುನಿಶಾಮಮ್ಮ ಕಣ್ಣೊರೆಸಿಕೊಂಡು. “ನಮ್ಮಯ್ಯನ ರಕ್ತ ಬಿದ್ದ ಜಾಗ ಕಣೋ. ಅದ್ರ ಮ್ಯಾಲೆ ಜನ ಕಾಲು ಚಾಚ್ಕೊಂಡು ಮಲಗಾದಾ? ಗುಡಿ ಕಟ್ಸೋ.”

“ಇವತ್ತೇ ಶುರು ಮಾಡಾಣ ಕಣವ್ವಾ. ಖುರ್ಷೀದಾ, ಸಂಪು ಬಿಡು. ಆ ರೂಮಿನ ಗೋಡೆ ಬೀಳ್ಸು. ಡಬಲ್ ಕೂಲಿ.”

ಖುರ್ಷೀದ್ ಆಗಲೇ ಹಾರೆ ಹೆಗಲಿಗೇರಿಸಿದ್ದ. ಶರಣಬಸವ ಬಾಳೆಹಣ್ಣಿನ ಸಿಪ್ಪೆ ಎಸೆದು ಅಡ್ಡ ಬಂದ.

“ಓನರ್ ಸಾರ್... ಅಕ್ಷರ ಭಾಳ ಸವೆದಾವ್ರಿ. ಓದೋದ್ರಾಗ ಏನಾರ ತಪ್ಪಾಗಿರಬಹುದು.”

ಚಿಕ್ಕಮುನಿಯಪ್ಪನ ಹುಬ್ಬು ಗಂಟಿಕ್ಕಿತು. “ತಪ್ಪಾ? ಓದಕ್ಕೆ ಬರಲ್ವಾ? ನಮ್ಮವ್ವನ್ನ ಸುಮ್ನೆ ಅಳ್ಸಿದ್ರಾ? ಹಂಗಾದ್ರೆ ಬಾಡಿಗೆ ಇಡಿ ಮೊದ್ಲು.”

ಬೀದಿಯ ಜನವೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. ನಿಜ ಹೇಳಿದರೆ ಬಾಡಿಗೆಯೂ ಕೊಡಬೇಕು, ರೂಮೂ ಹೋಗುತ್ತದೆ, ಮೇಲೆ ಏಟು ಬೇರೆ.

“ಇಲ್ರಿ,” ಎಂದ ಶರಣಬಸವ ಸಣ್ಣ ದನಿಯಲ್ಲಿ. “ಸರಿಯಾಗೇ ಓದೀನಿ.”

ಸಾಯಂಕಾಲಕ್ಕೆ ಅವನ ಟ್ರಂಕು, ಹಾಸಿಗೆ, ಸೀಮೆಎಣ್ಣೆ ಸ್ಟೌ ಬೀದಿಯಲ್ಲಿದ್ದವು. ರೂಮಿದ್ದಲ್ಲಿ ಕಲ್ಲು ನಿಂತು ಹೂವಿನ ಹಾರ ಹಾಕಿಕೊಂಡಿತ್ತು. ಹೇಗೋ ಧೈರ್ಯ ಮಾಡಿ ಅಡ್ವಾನ್ಸು ಕೇಳಿದ. ಹತ್ತು ತಿಂಗಳದ್ದು, ಏಳು ಸಾವಿರ. ಅದು ಕೈಗೆ ಬಂದರೆ ಎಲ್ಲಾದರೂ ಇನ್ನೊಂದು ರೂಮು ಹಿಡಿಯಬಹುದಿತ್ತು.

ಚಿಕ್ಕಮುನಿಯಪ್ಪ ಪ್ರೀತಿಯಿಂದ ಅವನ ಎರಡೂ ಕೈ ಹಿಡಿದುಕೊಂಡ.

“ಅದನ್ನ ಗುಡಿಗೆ ಹಾಕ್ಬಿಟ್ಟೆ ಸಾರ್. ನಮ್ಮ ವೀರನ್ನ ಕಂಡುಹಿಡ್ದೋರು ನೀವು. ಮೊದಲ್ನೇ ಕಾಣಿಕೆ ಇನ್ಯಾರದೋ ಆದ್ರೆ ಚೆನ್ನಾಗಿರಲ್ಲ.”

ಜನ ಚಪ್ಪಾಳೆ ತಟ್ಟಿದರು. “ಬರೇ ಹಂಗೇ ಹೋಗಬ್ಯಾಡೋ, ಕೈ ಮುಗಿ,” ಎಂದು ಸುಭದ್ರಮ್ಮ ಬೆನ್ನು ತಿವಿದಳು. ಶರಣಬಸವ ಎತ್ತಿಕೊಂಡಿದ್ದ ಟ್ರಂಕನ್ನು ಕೆಳಗಿಟ್ಟು, ಬೆಳಿಗ್ಗೆ ತಾನೇ ಹುಟ್ಟಿಸಿದ ಮುನಿಯನಾಯಕನಿಗೆ ಭಕ್ತಿಯಿಂದ ಅಡ್ಡಬಿದ್ದ. ಏಳುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು, ಎದ್ದು ಹೋಗಬೇಕಾದದ್ದು ಎಲ್ಲಿಗೆಂದು ಅವನಿಗೆ ತಿಳಿದಿರಲಿಲ್ಲ.